ಅನ್‌ಸೀನ್ ಪದ್ಯಕ್ಕೆ ಕನ್ನಡ ಮೇಷ್ಟ್ರ ಅನ್ವಯ

ಜನವರಿ ಕಳೆಯುತ್ತಿದ್ದಂತೆ ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳಲ್ಲಿ ಹತ್ತನೇ ತರಗತಿಯ ಟೈಮ್‌ಟೇಬಲ್ ಗೋಡೆಗೆ ಅಂಟುತ್ತದೆ. ಗಣಿತಕ್ಕೆ ಬೆಳಗಿನ ಹೊತ್ತು, ಫಿಸಿಕ್ಸ್‌ಗೆ ಸಂಜೆಯ ಟ್ಯೂಷನ್, ಕೆಮಿಸ್ಟ್ರಿಗೆ ಭಾನುವಾರ. ಇಂಗ್ಲಿಷ್ ಲಿಟರೇಚರ್‌ಗೆ ಸಿಗುವುದು ಪರೀಕ್ಷೆಯ ಹಿಂದಿನ ದಿನ ಮಾತ್ರ. ‘ಕಥೆ ಗೊತ್ತಲ್ಲ, ಒಂದ್ಸಲ ಗೈಡ್ ತಿರುವಿ ಹಾಕು, ಸಾಕು’ ಅನ್ನುತ್ತಾರೆ ಅಪ್ಪ. ‘ಪೋಯೆಮ್ಸ್ ಎಲ್ಲಾ ಬಾಯಿಪಾಠ ಆಗಿದೆ’ ಅನ್ನುತ್ತಾಳೆ ಮಗಳು. ಮನೆಯಲ್ಲೇ ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಇಂಗ್ಲಿಷ್ ಪತ್ರಿಕೆ ಯಾಕೆ ಕಷ್ಟವಾದೀತು ಎಂಬ ಭರವಸೆ ಇಬ್ಬರದೂ. ಫಲಿತಾಂಶ ಬಂದಾಗ ಉಳಿದ ವಿಷಯಗಳಿಗಿಂತ ಹಿಂದೆ ಬಿದ್ದದ್ದು ಇದೇ ಪತ್ರಿಕೆ ಎಂದು ಗೊತ್ತಾಗಿ ಕಣ್ಣೀರು ಹಾಕಿದ ಮಕ್ಕಳನ್ನು ನಾನು ಕಂಡಿದ್ದೇನೆ. ಅವರು ಸೋಮಾರಿಗಳಲ್ಲ. ತಯಾರಿಯ ಕ್ರಮ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪುಸ್ತಕ ಮುಚ್ಚಿಟ್ಟು ಬರೆಯುವ ಪರೀಕ್ಷೆಗೆ ಎರಡು ಮುಖಗಳಿವೆ. ಒಂದು, ಓದಿದ ಪಠ್ಯವನ್ನು ನೆನಪಿನಿಂದ ಎತ್ತಿ ತರುವುದು. ಇನ್ನೊಂದು, ಎಂದೂ ಕಂಡಿರದ ಪದ್ಯವನ್ನು ಕೈಗಿತ್ತು ‘ಇದರ ಬಗ್ಗೆ ಬರೆ’ ಎನ್ನುವುದು. ನಮ್ಮ ಬಡಾವಣೆಗಳ ಶಾಲೆಗಳಲ್ಲಿ ಬೋರ್ಡಿಗೊಂದು ಬಗೆ. ಐಸಿಎಸ್‌ಇ ಹತ್ತನೇ ತರಗತಿಯ ಲಿಟರೇಚರ್ ಪತ್ರಿಕೆ ಎರಡು ಗಂಟೆಯದು, 80 ಅಂಕ. ಉಳಿದ 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ ಹೆಚ್ಚು ಕೊಡುತ್ತಾರೆ. ಈಚೆಗೆ ನಾಟಕ ‘ಜೂಲಿಯಸ್ ಸೀಸರ್’, ಪದ್ಯಗಳು ‘ಟ್ರೆಷರ್ ಚೆಸ್ಟ್’ ಸಂಕಲನದವು. ರಾಜ್ಯ ಪಠ್ಯಕ್ರಮದ ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ನಲ್ಲಿ ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯಿರಿ ಎಂಬ ಪ್ರಶ್ನೆ ಬಹುಕಾಲದಿಂದ ಇದೆ, ನಮ್ಮ ವಿ.ಕೃ. ಗೋಕಾಕರು ಇಂಗ್ಲಿಷಿನಲ್ಲಿ ಬರೆದ ಭಾರತದ ಕುರಿತ ಪದ್ಯ ಆ ಪಠ್ಯದಲ್ಲಿ ಮಕ್ಕಳಿಗೆ ಚಿರಪರಿಚಿತ. ಕೇಂಬ್ರಿಜ್ ಐಜಿಸಿಎಸ್‌ಇ ಶಾಲೆಗಳಲ್ಲಿ ಬೇರೆಯೇ ಕಥೆ. ಶಾಲೆ ಅನ್‌ಸೀನ್ ಇರುವ ಆಯ್ಕೆಯನ್ನು ಆರಿಸಿಕೊಂಡಿದ್ದರೆ ಅದಕ್ಕೆಂದೇ ಒಂದು ಪತ್ರಿಕೆ: ಒಂದೂಕಾಲು ಗಂಟೆ, 25 ಅಂಕ, ಒಂದು ಗದ್ಯ ಒಂದು ಪದ್ಯ, ಯಾವುದಾದರೊಂದಕ್ಕೆ ಉತ್ತರ. ಅದರಲ್ಲಿ ಸುಮಾರು 20 ನಿಮಿಷ ಬರೀ ಓದಿ ಯೋಚಿಸಲಿಕ್ಕೆ ಇಟ್ಟುಕೊಳ್ಳಿ ಎಂಬ ಸಲಹೆಯೂ ಇದೆ. ಐಬಿ ಡಿಪ್ಲೊಮಾದ ಇಂಗ್ಲಿಷ್‌ನಲ್ಲೂ ಮೊದಲ ಪತ್ರಿಕೆ ಕಾಣದ ಪಠ್ಯದ ಮೇಲೆಯೇ.

ಇಂಗ್ಲೆಂಡಿಗೆ ಹೋಗಿ ನೆಲೆಸಿದ ನಮ್ಮವರ ಮಕ್ಕಳಿಗೆ ಇದು ಇನ್ನೂ ಬಿಗಿ. ಅಲ್ಲಿನ ಜಿಸಿಎಸ್‌ಇ ಸುಧಾರಣೆಯ ನಂತರ, 2017ರ ಪರೀಕ್ಷೆಯಿಂದ, ಲಿಟರೇಚರ್ ಪೂರ್ತಿ ಮುಚ್ಚಿದ ಪುಸ್ತಕದ ಪರೀಕ್ಷೆಯಾಯಿತು. ಎಕ್ಯೂಎ ಬೋರ್ಡಿನ ಎರಡನೇ ಪತ್ರಿಕೆಯಲ್ಲಿ ಎರಡು ಕಾಣದ ಪದ್ಯಗಳಿಗೇ 32 ಅಂಕ. ಚಿಕ್ಕಪ್ಪನ ಮಗ ಅಲ್ಲಿ, ದೊಡ್ಡಪ್ಪನ ಮಗಳು ಇಲ್ಲಿ ಒಂದೇ ಬಗೆಯ ಪ್ರಶ್ನೆಯ ಮುಂದೆ ತಲೆ ಕೆರೆದುಕೊಳ್ಳುವ ಕಾಲ ಇದು.

ಮೊದಲು ನೆನಪಿನ ಮಾತು. ಬಾಯಿಪಾಠದ ಮೇಲೆ ಇತ್ತೀಚೆಗೆ ಎಲ್ಲರಿಗೂ ತಿರಸ್ಕಾರ. ನನಗಿಲ್ಲ. ಬಾಯಲ್ಲಿ ಇಲ್ಲದ ಪದ್ಯ ಕಿವಿಯಲ್ಲೂ ಇರುವುದಿಲ್ಲ. ಡಿ.ವಿ.ಜಿ.ಯವರ ಕಗ್ಗದ ನೂರಾರು ಮುಕ್ತಕಗಳನ್ನು ನೋಡದೆ ಹೇಳುವ ಹಿರಿಯರು ಬಸವನಗುಡಿ, ಜಯನಗರದ ಉದ್ಯಾನಗಳಲ್ಲಿ ಈಗಲೂ ಸಿಗುತ್ತಾರೆ. ಅವರಿಗೆ ಹೊಸ ಪದ್ಯವೊಂದನ್ನು ಕೊಟ್ಟು ನೋಡಿ, ಎಲ್ಲಿ ನಿಲ್ಲಬೇಕು, ಎಲ್ಲಿ ಒತ್ತಬೇಕು ಎಂಬುದು ತಾನಾಗಿ ಬರುತ್ತದೆ. ಮಕ್ಕಳ ತೊಂದರೆ ಬಾಯಿಪಾಠದ್ದಲ್ಲ, ಬಾಯಿಪಾಠಕ್ಕೆ ಆರಿಸಿಕೊಂಡ ಸರಕಿನದು. ಅವರು ಉರು ಹೊಡೆಯುವುದು ಪದ್ಯವನ್ನಲ್ಲ, ಗೈಡಿನ ಸಾರಾಂಶವನ್ನು. ಗೈಡ್ ಬರೆದವರ ವಾಕ್ಯವನ್ನೇ ತರಗತಿಯ ನಲವತ್ತು ಮಕ್ಕಳೂ ಬರೆದರೆ ಉತ್ತರಪತ್ರಿಕೆ ತಿದ್ದುವವರಿಗೆ ಅದರಲ್ಲಿ ಯಾವ ಮಗುವೂ ಕಾಣಿಸುವುದಿಲ್ಲ.

ಉರು ಹಾಕಬೇಕಾದ್ದು ಮೂಲದ ಚಿಕ್ಕ ಚಿಕ್ಕ ತುಣುಕುಗಳನ್ನು. ಮೂರು ಪದ, ಐದು ಪದ, ಹೆಚ್ಚೆಂದರೆ ಒಂದು ಸಾಲು. ಒಂದೇ ತುಣುಕು ನಾಲ್ಕು ಪ್ರಶ್ನೆಗೆ ಒದಗುವಂತಿರಬೇಕು. ‘ಜೂಲಿಯಸ್ ಸೀಸರ್’ ಮೂರನೇ ಅಂಕದ ಎರಡನೇ ದೃಶ್ಯವನ್ನೇ ತೆಗೆದುಕೊಳ್ಳಿ. ಸೀಸರನ ಶವದ ಮುಂದೆ ನಿಂತು ಆಂಟನಿ ರೋಮಿನ ಜನರಿಗೆ ಮಾತಾಡುತ್ತಾನೆ. ಬ್ರೂಟಸ್‌ನನ್ನು ಕುರಿತು ‘ಆನರಬಲ್’ ಎಂಬ ಒಂದು ಪದವನ್ನು ಮತ್ತೆ ಮತ್ತೆ ಬಳಸುತ್ತಾನೆ. ಮೊದಲ ಸಲ ಅದು ಮರ್ಯಾದೆಯಂತೆ ಕೇಳುತ್ತದೆ, ಮುಂದಿನ ಸಲ ಅನುಮಾನ ಹುಟ್ಟುತ್ತದೆ, ಕೊನೆಗೆ ಅದೇ ಪದ ಬೈಗುಳವಾಗಿ ಜನ ದಂಗೆ ಏಳುತ್ತಾರೆ. ಇದನ್ನು ಗೈಡಿನ ಸಾರಾಂಶದಲ್ಲಿ ಓದಿದ ಹುಡುಗ ‘ಆಂಟನಿ ಒಳ್ಳೆಯ ಮಾತುಗಾರ’ ಎಂದು ಬರೆದು ಮುಗಿಸುತ್ತಾನೆ. ಆ ಭಾಷಣವನ್ನು ರೂಮಿನಲ್ಲಿ ಗಟ್ಟಿಯಾಗಿ, ದನಿ ಬದಲಿಸುತ್ತ ನಾಲ್ಕಾರು ಸಲ ಹೇಳಿದವನಿಗೆ ಆ ಒಂದು ಪದ ಎಲ್ಲೆಲ್ಲಿ ಬರುತ್ತದೆ, ಬಂದಾಗಲೆಲ್ಲ ಏನು ಮಾಡುತ್ತದೆ ಎಂದು ಬರೆಯಲು ಪುಸ್ತಕ ಬೇಕಿಲ್ಲ. ನಾಟಕದ ಪಠ್ಯವನ್ನು ಕೂತು ಓದುವುದರಿಂದ ಆಗದ ಕೆಲಸ ಎದ್ದು ನಿಂತು ಆಡುವುದರಿಂದ ಆಗುತ್ತದೆ. ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಇದೆ. ಬೋರ್ಡ್ ಪರೀಕ್ಷೆಯ ವರ್ಷ ನಾಟಕ ನೋಡುವುದು ಟೈಮ್ ವೇಸ್ಟ್ ಎಂದು ಮಕ್ಕಳನ್ನು ಮನೆಯಲ್ಲಿ ಕೂಡಿಹಾಕುವವರಿಗೆ ನನ್ನದೊಂದು ವಿನಂತಿ: ಶೇಕ್ಸ್‌ಪಿಯರ್ ನಾಟಕ ಯಾವ ಭಾಷೆಯಲ್ಲಿ ಬಂದರೂ ಕರೆದುಕೊಂಡು ಹೋಗಿ. ಮಾತು ರಂಗದ ಮೇಲೆ ಏನು ಮಾಡುತ್ತದೆ ಎಂದು ಒಮ್ಮೆ ಕಂಡವರಿಗೆ ಪಠ್ಯ ಬೇರೆಯಾಗಿಯೇ ತೆರೆದುಕೊಳ್ಳುತ್ತದೆ.

ಇನ್ನೊಂದು ಅಭ್ಯಾಸ ಬಿಡಲೇಬೇಕು: ಹೈಲೈಟರ್ ಹಿಡಿದು ಪುಟವೆಲ್ಲ ಹಳದಿ ಬಳಿದು, ಮತ್ತೆ ಮತ್ತೆ ಓದುವುದು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದಾಗ, ಓದಿದ್ದನ್ನು ಮುಚ್ಚಿಟ್ಟು ನೆನಪಿನಿಂದ ಬರೆದು ನೋಡಿದವರು ಮುಂದಾದರು. ಹಿಂದಿನ ರಾತ್ರಿಯ ಓದು ‘ಎಲ್ಲಾ ಬರುತ್ತೆ’ ಅನ್ನಿಸುವುದಕ್ಕೂ ಹಾಲ್‌ನಲ್ಲಿ ತಲೆ ಖಾಲಿಯಾಗುವುದಕ್ಕೂ ಇದೇ ಕಾರಣ. ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದು, ನೆನಪಿರುವಷ್ಟು ಬರೆಯಲಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಲಿ. ಎರಡು ದಿನ ಬಿಟ್ಟು ಮತ್ತೊಮ್ಮೆ. ಇಷ್ಟೇ ಕೆಲಸ. ಮುಚ್ಚಿದ ಪುಸ್ತಕದ ಪರೀಕ್ಷೆಗೆ ಪುಸ್ತಕ ಮುಚ್ಚಿಯೇ ತಯಾರಾಗಬೇಕು.

ಈಗ ಅನ್‌ಸೀನ್‌ಗೆ ಬರೋಣ. ನಾನು ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ಕಾಣದ ಪದ್ಯವನ್ನು ವಿದ್ಯಾರ್ಥಿಗಳ ಮುಂದಿಡುವ ಈ ಪದ್ಧತಿಯ ಹಿಂದೆ ಕೇಂಬ್ರಿಜ್‌ನ ಐ.ಎ. ರಿಚರ್ಡ್ಸ್ ಇದ್ದಾರೆ. 1920ರ ದಶಕದಲ್ಲಿ ಅವರು ತಮ್ಮ ವಿದ್ಯಾರ್ಥಿಗಳಿಗೆ ಕವಿಯ ಹೆಸರಿಲ್ಲದ ಪದ್ಯಗಳನ್ನು ಕೊಟ್ಟು ಅನಿಸಿದ್ದನ್ನು ಬರೆದು ತರಲು ಹೇಳಿದರು. 1929ರಲ್ಲಿ ಅವನ್ನೆಲ್ಲ ವಿಶ್ಲೇಷಿಸಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟಿಸಿದರು. ಅದರಲ್ಲಿ ಅವರು ಪಟ್ಟಿ ಮಾಡಿದ ತೊಡಕುಗಳಲ್ಲಿ ಮೊದಲನೆಯದು ಯಾವುದು ಗೊತ್ತೆ? ಪದ್ಯದ ನೇರ ಅರ್ಥವೇ ಹತ್ತದಿರುವುದು. ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವ, ಕೇಂಬ್ರಿಜ್‌ನಲ್ಲಿ ಓದುವ ಹುಡುಗರಿಗೂ ವಾಕ್ಯದ ಕರ್ತೃ ಯಾರು, ಕ್ರಿಯೆ ಯಾವುದು ಎಂಬುದು ತಪ್ಪಿತ್ತು. ನಮ್ಮ ಬಿಟಿಎಂ ಲೇಔಟಿನ ಹುಡುಗಿ ಅದೇ ಕಡೆ ಎಡವಿದರೆ ನಾಚಿಕೆ ಪಡಬೇಕಾದ್ದೇನೂ ಇಲ್ಲ.

ಆದರೆ ಆ ತೊಡಕಿಗೆ ನಮ್ಮಲ್ಲಿ ಹಳೆಯ ಪರಿಹಾರವೊಂದಿದೆ, ಇಂಗ್ಲಿಷ್ ಟೀಚರ್ ಬಳಿ ಅಲ್ಲ, ಪಕ್ಕದ ಕೋಣೆಯ ಕನ್ನಡ ಮೇಷ್ಟ್ರ ಬಳಿ. ಹಳಗನ್ನಡ ಪದ್ಯವೊಂದು ಎದುರಾದಾಗ ಅವರು ಏನು ಮಾಡುತ್ತಾರೆ? ರಾಗವಾಗಿ ಓದುತ್ತಾರೆ. ಸಂಧಿ ಬಿಡಿಸುತ್ತಾರೆ. ಆಮೇಲೆ ಅನ್ವಯ: ಛಂದಸ್ಸಿಗಾಗಿ ಹಿಂದೆ ಮುಂದೆ ಕೂತ ಪದಗಳನ್ನು ಗದ್ಯದ ಕ್ರಮಕ್ಕೆ ತಂದು, ಯಾರು, ಏನನ್ನು, ಏನು ಮಾಡಿದರು ಎಂದು ಕೂಡಿಸುತ್ತಾರೆ. ಪ್ರತಿಪದಾರ್ಥ, ತಾತ್ಪರ್ಯ, ಕೊನೆಗೆ ಸ್ವಾರಸ್ಯ. ಗಮಕಿಯೂ ಮಾಡುವುದು ಇದನ್ನೇ. ಕುಮಾರವ್ಯಾಸನ ಭಾಮಿನಿಯನ್ನು ವಾಚಿಸುವಾಗ ಸಾಲು ಮುಗಿದಲ್ಲಿ ನಿಲ್ಲದೆ ಅರ್ಥ ಮುಗಿದಲ್ಲಿ ನಿಲ್ಲುತ್ತಾರೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೆ. ಇಂಗ್ಲಿಷ್ ಪದ್ಯದ ಮುಂದೆ ಮಗು ಮೊದಲು ಕಲಿಯಬೇಕಾದ್ದೂ ಇಷ್ಟೇ: ಸಾಲಿನ ತುದಿಯಲ್ಲಿ ನಿಲ್ಲಬೇಡ, ಪೂರ್ಣವಿರಾಮದವರೆಗೆ ಹೋಗು. ನಾಲ್ಕು ಸಾಲು ದಾಟಿ ಕ್ರಿಯಾಪದ ಬಂದಿದ್ದರೆ ಅದನ್ನು ಕರ್ತೃವಿನ ಪಕ್ಕಕ್ಕೆ ತಂದುಕೋ.

ಅಲಂಕಾರದ ವಿಷಯದಲ್ಲೂ ಹೀಗೆಯೇ. ಇಂಗ್ಲಿಷ್ ಉತ್ತರಗಳಲ್ಲಿ ಮಕ್ಕಳು ಮಾಡುವ ದೊಡ್ಡ ತಪ್ಪು ಪಟ್ಟಿ ಕೊಡುವುದು. ಇಲ್ಲಿ ಸಿಮಿಲಿ ಇದೆ, ಅಲ್ಲಿ ಅಲಿಟರೇಷನ್ ಇದೆ, ಕೊನೆಯಲ್ಲಿ ಪರ್ಸಾನಿಫಿಕೇಷನ್ ಇದೆ. ಇದೆ, ಸರಿ, ಇದ್ದು ಏನು ಮಾಡಿತು? ರಾಜ್ಯ ಪಠ್ಯಕ್ರಮದಲ್ಲಿ ಪ್ರಥಮ ಭಾಷೆ ಕನ್ನಡ ಓದುವ ಮಕ್ಕಳಿಗೆ ಅಲಂಕಾರವನ್ನು ಬರೀ ಹೆಸರಿಸಿದರೆ ಪೂರ್ತಿ ಅಂಕ ಬರುವುದಿಲ್ಲ ಎಂದು ಗೊತ್ತು. ಉಪಮೇಯ, ಉಪಮಾನ, ವಾಚಕ ಪದ, ಸಮಾನಧರ್ಮ ಗುರುತಿಸಿ ಸಮನ್ವಯ ಬರೆಯಬೇಕು. ಆ ಸಮನ್ವಯವನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದು, ಈ ಕವಿ ನೂರು ಉಪಮಾನ ಬಿಟ್ಟು ಇದನ್ನೇ ಯಾಕೆ ತಂದ ಎಂದು ಕೇಳಿಕೊಂಡರೆ ಅದು ಒಳ್ಳೆಯ ಅನ್‌ಸೀನ್ ಉತ್ತರ. ಷಟ್ಪದಿಗೆ ಪ್ರಸ್ತಾರ ಹಾಕಿ ಲಘು ಗುರು ಎಣಿಸಿದ ಮಗುವಿಗೆ ಇಂಗ್ಲಿಷ್ ಛಂದಸ್ಸು ಅನ್ಯವಲ್ಲ. ನಮ್ಮಲ್ಲಿ ಮಾತ್ರೆಯ ಲೆಕ್ಕ, ಅಲ್ಲಿ ಒತ್ತಿನ ಲೆಕ್ಕ. ಲಯ ಎಲ್ಲಿ ಮುರಿಯಿತು, ಮುರಿದಲ್ಲಿ ಅರ್ಥಕ್ಕೆ ಏನಾಯಿತು ಎಂಬ ಪ್ರಶ್ನೆ ಎರಡಕ್ಕೂ ಒಂದೇ.

ಮಾತಿನಲ್ಲಿ ಹೇಳಿದರೆ ಸಾಲದು. ಕ್ರಮ ತೋರಿಸಲೆಂದು ನಾನೇ ಆರು ಸಾಲು ಬರೆದಿದ್ದೇನೆ. ಕವಿತೆ ದೊಡ್ಡದಲ್ಲ, ಅಭ್ಯಾಸಕ್ಕೆ ಸಾಕು.

ಅಜ್ಜಿ ಹೋದ ಮೇಲೂ ಮನೆಗೆ
ದಿನಾ ಆರಕ್ಕೆ ಹಾಲಿನವನು ಬರುತ್ತಾನೆ.
ಇನ್ನು ಅರ್ಧ ಲೀಟರ್ ಸಾಕು ಎಂದು
ಅವನಿಗೆ ಯಾರೂ ಹೇಳಿಲ್ಲ ಇನ್ನೂ.
ಉಳಿದ ಹಾಲು ರಾತ್ರಿಯೆಲ್ಲ ಹೆಪ್ಪುಗಟ್ಟುತ್ತದೆ.
ಬೆಳಗಾದರೆ ಮೊಸರು. ಮತ್ತೆ ಗಂಟೆ. ಮತ್ತೆ ಹಾಲು.

ಮೊದಲ ಓದಿನಲ್ಲಿ ಪೆನ್ನು ಮುಟ್ಟಬೇಡಿ. ಎರಡನೆಯದರಲ್ಲಿ ಅನ್ವಯ: ಅಜ್ಜಿ ತೀರಿಕೊಂಡಿದ್ದಾರೆ, ಹಾಲು ಮೊದಲಿನಷ್ಟೇ ಬರುತ್ತಿದೆ, ಕಡಿಮೆ ಮಾಡಲು ಮನೆಯವರು ಹೇಳಿಲ್ಲ, ಹಾಲು ಉಳಿಯುತ್ತಿದೆ. ಇದು ನೇರ ಅರ್ಥ. ಇದನ್ನು ಉತ್ತರದ ಮೊದಲ ಎರಡು ವಾಕ್ಯದಲ್ಲಿ ಹೇಳಿಬಿಡಬೇಕು. ಎಷ್ಟೋ ಮಕ್ಕಳು ಇಲ್ಲಿಗೇ ನಿಲ್ಲುತ್ತಾರೆ, ಇನ್ನು ಕೆಲವರು ಇದನ್ನು ದಾಟಿ ನೇರ ‘ಬದುಕಿನ ನಶ್ವರತೆ’ಗೆ ಹಾರುತ್ತಾರೆ. ಎರಡೂ ಬೇಡ. ಮೂರನೇ ಓದಿನಲ್ಲಿ ಒಂದೊಂದು ಪದದ ಹತ್ತಿರ ಹೋಗಿ. ದುಃಖ, ನೋವು, ಕಣ್ಣೀರು ಎಂಬ ಪದ ಎಲ್ಲಾದರೂ ಇದೆಯೆ? ಇಲ್ಲ. ಹಾಗಾದರೆ ದುಃಖ ಎಲ್ಲಿದೆ? ‘ಯಾರೂ ಹೇಳಿಲ್ಲ’ ಎಂಬಲ್ಲಿದೆ. ಹೇಳಿದರೆ ಅಜ್ಜಿ ಇಲ್ಲ ಎಂದು ಒಪ್ಪಿಕೊಂಡಂತೆ, ಅದಕ್ಕೇ ಮನೆಯವರೆಲ್ಲ ಸುಮ್ಮನಿದ್ದಾರೆ. ಮೂರನೇ ಸಾಲು ‘ಇನ್ನು’ ಎಂದು ಶುರುವಾಗುತ್ತದೆ, ನಾಲ್ಕನೆಯದು ‘ಇನ್ನೂ’ ಎಂದು ಮುಗಿಯುತ್ತದೆ. ಒಂದು ಮುಂದಿನ ದಿನಗಳ ಕಡೆ ನೋಡುತ್ತದೆ, ಇನ್ನೊಂದು ಕಳೆದ ದಿನಗಳಿಗೆ ಅಂಟಿಕೊಂಡಿದೆ. ಆ ಮನೆ ಇವೆರಡರ ನಡುವೆ ಸಿಕ್ಕಿಕೊಂಡಿದೆ. ‘ಹೆಪ್ಪುಗಟ್ಟುತ್ತದೆ’ ಹಾಲಿಗೂ ಸಲ್ಲುತ್ತದೆ, ಮನೆಯ ಮಂದಿಗೂ ಸಲ್ಲುತ್ತದೆ. ಕೊನೆಯ ಸಾಲಿನ ಆಕಾರ ನೋಡಿ: ಮೊದಲು ಎರಡೆರಡು ಸಾಲಿಗೆ ಹರಡಿದ್ದ ವಾಕ್ಯ ಇಲ್ಲಿ ಚೂರುಚೂರಾಗಿದೆ, ವಾಕ್ಯ ಮುಗಿಸುವ ಕ್ರಿಯಾಪದಗಳೇ ಹೋಗಿಬಿಟ್ಟಿವೆ. ದಿನ ಸಾಗುತ್ತಿದೆ, ಯಾರೂ ಏನೂ ಮಾಡುತ್ತಿಲ್ಲ. ಪದ್ಯ ಅಲ್ಲೇ ನಿಂತಿರುವುದರಿಂದ ನಾಳೆಯೂ ಹೀಗೇ ಎಂದು ಓದುಗನಿಗೆ ಅನಿಸುತ್ತದೆ.

ಇಷ್ಟನ್ನು ಬರೆದ ಮಗು ಒಂದೂ ಗೈಡ್ ನೋಡಿಲ್ಲ, ಕವಿಯ ಜೀವನಚರಿತ್ರೆ ಅದಕ್ಕೆ ಬೇಕಾಗಿಲ್ಲ. ಹೇಳಿದ್ದನ್ನು ಮೊದಲು ಹಿಡಿದು, ಹೇಳದೆ ಬಿಟ್ಟದ್ದನ್ನು ಆಮೇಲೆ ಹಿಡಿದಿದೆ. ಕಾಶ್ಮೀರದ ಆನಂದವರ್ಧನ ಒಂಬತ್ತನೇ ಶತಮಾನದಲ್ಲಿ ಧ್ವನಿ ಎಂದು ವಿವರಿಸಿದ್ದು ಈ ಎರಡನೆಯದನ್ನು. ಕೇಂಬ್ರಿಜ್‌ನಲ್ಲಿ ಓದಿ, ಎಫ್.ಆರ್. ಲೀವಿಸ್ ಅವರ ವಿಮರ್ಶೆಯಿಂದ ಪ್ರಭಾವಿತರಾಗಿ ಬಂದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ಸಿ.ಡಿ. ನರಸಿಂಹಯ್ಯನವರು 1979ರಲ್ಲಿ ಮೈಸೂರಿನಲ್ಲಿ ತಮ್ಮ ಸಾಹಿತ್ಯ ಕೇಂದ್ರ ತೆರೆದಾಗ ಅದಕ್ಕೆ ‘ಧ್ವನ್ಯಾಲೋಕ’ ಎಂದು ಆನಂದವರ್ಧನನ ಗ್ರಂಥದ ಹೆಸರನ್ನೇ ಇಟ್ಟರು. ಪದ್ಯದ ಪದಗಳ ಹತ್ತಿರ ಹೋಗಿ ಓದುವ ಇಂಗ್ಲಿಷ್ ಶಿಸ್ತಿಗೂ ನಮ್ಮ ಕಾವ್ಯಮೀಮಾಂಸೆಗೂ ಜಗಳವಿಲ್ಲ ಎಂದು ನಮ್ಮ ನಾಡಿನ ಇಂಗ್ಲಿಷ್ ಮೇಷ್ಟ್ರೊಬ್ಬರು ಆಗಲೇ ಕಂಡುಕೊಂಡಿದ್ದರು. ಅವರ ಅರಿವು ಹೈಸ್ಕೂಲಿನವರೆಗೆ ಇಳಿಯಲಿಲ್ಲ ಎಂಬುದು ನನ್ನ ಕೊರಗು.

ಮತ್ತೊಬ್ಬ ಇಂಗ್ಲಿಷ್ ಮೇಷ್ಟ್ರಿದ್ದರು. ಬಿ.ಎಂ. ಶ್ರೀಕಂಠಯ್ಯ. ಷೆಲ್ಲಿ, ಬರ್ನ್ಸ್, ವರ್ಡ್ಸ್‌ವರ್ತ್ ಮೊದಲಾದವರ ಪದ್ಯಗಳನ್ನು ಕನ್ನಡಕ್ಕೆ ತಂದು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದರು. ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದದ್ದು ಆ ಪುಟ್ಟ ಪುಸ್ತಕ. ಅದನ್ನು ಸಾಹಿತ್ಯ ಚರಿತ್ರೆಯ ಘಟನೆಯಾಗಿ ಓದುತ್ತೇವೆ. ನಾನು ಅದನ್ನು ಒಬ್ಬ ಮೇಷ್ಟ್ರ ಓದಿನ ವಿಧಾನವಾಗಿಯೂ ನೋಡುತ್ತೇನೆ. ಒಂದು ಇಂಗ್ಲಿಷ್ ಪದ್ಯ ನಿಮಗೆ ಅರ್ಥವಾಗಿದೆಯೇ ಎಂದು ತಿಳಿಯಲು ಅದರ ನಾಲ್ಕು ಸಾಲನ್ನು ಕನ್ನಡಕ್ಕೆ ತರಲು ಕೂತು ನೋಡಿ. ಯಾವ ಪದ ಅರ್ಥವಾಗದೆ ಸುಮ್ಮನೆ ತಲೆಯಾಡಿಸಿದ್ದಿರೋ ಅಲ್ಲಿ ಪೆನ್ನು ನಿಂತುಬಿಡುತ್ತದೆ. ನನ್ನ ಬಳಿ ಓದಲು ಬರುತ್ತಿದ್ದ ಜೆ.ಪಿ. ನಗರದ ಹುಡುಗಿಯೊಬ್ಬಳಿಗೆ ಕನ್ನಡ ಬರೆಯಲು ತಡವರಿಕೆ. ಬಾಯಲ್ಲೇ ಹೇಳಮ್ಮ ಎಂದೆ. ಚಳಿಗಾಲದ ಒಂದು ಇಂಗ್ಲಿಷ್ ಪದ್ಯವನ್ನು ಕನ್ನಡದಲ್ಲಿ ಹೇಳುತ್ತ ಹೇಳುತ್ತ ಅರ್ಧದಲ್ಲಿ ನಿಂತು, ‘ಮೇಡಂ, ಇದರಲ್ಲಿ ಮಾತಾಡ್ತಿರೋದು ಮರ, ಮನುಷ್ಯ ಅಲ್ಲ’ ಎಂದಳು. ಇಂಗ್ಲಿಷಿನಲ್ಲಿ ಅದನ್ನು ಎಷ್ಟು ಸಲ ಓದಿದ್ದಳೋ. ಅರ್ಥ ಕೂಡಿದ್ದು ಅಮ್ಮನ ಜೊತೆ ಮಾತಾಡುವ ಭಾಷೆಗೆ ತಂದಾಗ. ತೆಲುಗು, ತಮಿಳು, ಉರ್ದು ಮನೆಮಾತಿನ ಮಕ್ಕಳಿಗೂ ಈ ಮಾತು ಹೊಂದುತ್ತದೆ.

ಈ ಶ್ರೀಕಂಠಯ್ಯನವರ ಹೆಸರಿನ ಸ್ಮಾರಕ ಪ್ರತಿಷ್ಠಾನ ನರಸಿಂಹರಾಜ ಕಾಲೊನಿಯಲ್ಲಿದೆ, ಎಂ.ವಿ. ಸೀತಾರಾಮಯ್ಯನವರು ಕಟ್ಟಿ ಬೆಳೆಸಿದ್ದು. ಜಯನಗರದಿಂದ ದೂರವೇನಲ್ಲ. ಅಲ್ಲಿಗೆ ಕಾಲಿಟ್ಟ ಹತ್ತನೇ ತರಗತಿಯ ಇಂಗ್ಲಿಷ್ ವಿದ್ಯಾರ್ಥಿ ಎಷ್ಟು ಮಂದಿ ಇದ್ದಾರು?

ಪರೀಕ್ಷೆಗೆ ಆರೇಳು ವಾರ ಉಳಿದಿದ್ದರೆ ನಾನು ಹೇಳುವುದಿಷ್ಟು. ವಾರಕ್ಕೆ ಎರಡು ಹೊಸ ಪದ್ಯ ಸಾಕು, ಹತ್ತು ಬೇಡ. ಹಿರಿಯರು ಯಾರಾದರೂ ಆರಿಸಿ, ಕವಿಯ ಹೆಸರು ಮುಚ್ಚಿ ಕೊಡಲಿ. ಮೊದಲ ಪದ್ಯವನ್ನು ಮಾತಿನಲ್ಲಿ ಮಾತ್ರ ಬಿಡಿಸಲಿ. ಮನೆಯಲ್ಲಿ ಅಪ್ಪನೋ ಅತ್ತೆಯೋ ಎದುರಿಗೆ ಕೂತು ‘ಯಾರು ಮಾತಾಡ್ತಿದಾರೆ? ಯಾರ ಹತ್ತಿರ? ಮೊದಲ ಸಾಲಿಂದ ಕೊನೆ ಸಾಲಿಗೆ ಏನು ಬದಲಾಯ್ತು?’ ಎಂದು ಕೇಳಿದರೆ ಸಾಕು, ಅವರಿಗೆ ಇಂಗ್ಲಿಷ್ ಎಂ.ಎ. ಆಗಿರಬೇಕಿಲ್ಲ. ಎರಡನೆಯದನ್ನು ಗಡಿಯಾರ ಇಟ್ಟುಕೊಂಡು ಬರೆಯಲಿ. ಬರೆದ ಉತ್ತರದಲ್ಲಿ ಪದ್ಯದ ಪದ ಉಲ್ಲೇಖಿಸದೆ ಬಂದ ಅಭಿಪ್ರಾಯಗಳ ಕೆಳಗೆ ಗೆರೆ ಎಳೆಯಿರಿ. ಮುಂದಿನ ವಾರ ಆ ಗೆರೆಗಳು ಕಡಿಮೆಯಾಗಬೇಕು, ಅಷ್ಟೇ ಗುರಿ. ಕಷ್ಟದ ಪದ ಬಂದರೆ ಹೆದರಬೇಕಾಗಿಲ್ಲ. ಸುತ್ತಲಿನ ವಾಕ್ಯ ಗಟ್ಟಿಯಿದ್ದರೆ ಒಂದೆರಡು ಪದ ತಿಳಿಯದೆಯೂ ಉತ್ತರ ನಿಲ್ಲುತ್ತದೆ. ‘ಹೀಗಿರಬಹುದು’ ಎಂದು ಬರೆದರೆ ಅಂಕ ಹೋಗುತ್ತದೆ ಎಂಬ ಭಯವನ್ನೂ ಬಿಡಲಿ. ಪದ್ಯದಿಂದಲೇ ಕಾರಣ ಕೊಟ್ಟ ಊಹೆಗೆ ಬೆಲೆ ಇದೆ.

ಐಸಿಎಸ್‌ಇ ಮಕ್ಕಳು ಕೇಳಬಹುದು, ನಮ್ಮ ಲಿಟರೇಚರ್‌ಗೆ ಅನ್‌ಸೀನ್ ಪದ್ಯವೇ ಇಲ್ಲವಲ್ಲ, ನಮಗೇಕೆ ಇದೆಲ್ಲ? ಪಠ್ಯದ ಪದ್ಯವನ್ನೂ ಹೀಗೆ ಮೊದಲ ಸಲ ಕಂಡಂತೆ ಓದಿದವರು ತಿರುಚಿ ಕೇಳಿದ ಪ್ರಶ್ನೆಗೆ ಬೆದರುವುದಿಲ್ಲ. ಗೈಡ್ ಉರು ಹೊಡೆದವರಿಗೆ ತಿರುಚಿದ ಪ್ರಶ್ನೆಯೆಲ್ಲ ಅನ್‌ಸೀನೇ.

ದಕ್ಷಿಣ ಬೆಂಗಳೂರಿನ ಶಾಲೆಗಳ ಮುಖ್ಯಸ್ಥರಲ್ಲಿ ಒಂದು ಕೋರಿಕೆ ಇದೆ. ಒಂಬತ್ತನೇ ತರಗತಿಯಿಂದಲೇ ವಾರಕ್ಕೊಂದು ಪಿರಿಯಡ್ ಇಂಗ್ಲಿಷ್ ಟೀಚರ್ ಮತ್ತು ಕನ್ನಡ ಮೇಷ್ಟ್ರು ಒಂದೇ ತರಗತಿಯಲ್ಲಿ ನಿಲ್ಲಲಿ. ಬೋರ್ಡಿನ ಮೇಲೆ ಒಂದು ಕನ್ನಡ ಪದ್ಯ, ಪಕ್ಕದಲ್ಲಿ ಒಂದು ಇಂಗ್ಲಿಷ್ ಪದ್ಯ, ಎರಡಕ್ಕೂ ಅನ್ವಯ. ಹೊಸ ಪುಸ್ತಕ ಬೇಡ, ಹೊಸ ಫೀಸು ಬೇಡ, ಎರಡು ಸ್ಟಾಫ್ ರೂಮುಗಳ ನಡುವಿನ ಬಾಗಿಲು ತೆಗೆದರಾಯಿತು. ಮುಂದಿನ ವರ್ಷದ ಟೈಮ್‌ಟೇಬಲ್ ಸಿದ್ಧವಾಗುವುದು ಏಪ್ರಿಲ್–ಮೇನಲ್ಲಿ. ಅಷ್ಟರೊಳಗೆ ಆ ಒಂದು ಪಿರಿಯಡ್‌ಗೆ ಜಾಗ ಮಾಡಿಕೊಡಿ.